ಮೂಗು ಜೋಡಿಸಿದ ಇಟ್ಟಿಗೆಗಾರನ ಹೆಸರು ಯಾರೂ ಬರೆದಿಡಲಿಲ್ಲ



ಪೋಸ್ಟ್ ಉದ್ದ ಐತಿ. ಪುರುಸೊತ್ತು ಮಾಡಿಕೊಂಡು ಕೊನೆತನಕ ಓದ್ರಿ. ಕೊನೆಗೆ ನಮ್ಮ ರಾಯಚೂರು ಜಿಲ್ಲೆಗೆ ಸಂಬಂಧಪಟ್ಟ ಬೇಡಿಕೆನೂ ಐತಿ.

ಗಣೇಶನ ಹಬ್ಬ ಹತ್ತಿರ ಬಂತು ಅಂದ್ರೆ ವಾಟ್ಸಾಪಿನಲ್ಲಿ ಒಂದು ಮೆಸೇಜ್ ತಿರುಗಾಡೋಕೆ ಶುರುವಾಗ್ತದೆ. ಆನೆ ತಲೆಯನ್ನ ಮನುಷ್ಯನ ದೇಹಕ್ಕೆ ಜೋಡಿಸಿದ್ದೇ ಜಗತ್ತಿನ ಮೊದಲ ಪ್ಲಾಸ್ಟಿಕ್ ಸರ್ಜರಿ, ನಮ್ಮ ಋಷಿಗಳಿಗೆ ಎಲ್ಲಾ ಗೊತ್ತಿತ್ತು ಅಂತ. 2014ರ ಅಕ್ಟೋಬರ್‌ನಲ್ಲಿ ಮುಂಬೈನ ಆಸ್ಪತ್ರೆಯೊಂದರ ಕಾರ್ಯಕ್ರಮದಲ್ಲಿ ಸ್ವತಃ ಪ್ರಧಾನಿಗಳೇ ಇಂಥ ಮಾತಾಡಿದ ಮೇಲೆ ಈ ಮೆಸೇಜಿಗೆ ರೆಕ್ಕೆ ಬಂತು. ಪುರಾಣವನ್ನ ಪುರಾಣ ಅಂತ ಓದೋರ ಜೊತೆ ನನಗೆ ಜಗಳ ಇಲ್ಲ. ಆದ್ರೆ ಇದರ ಅಡಿಯಲ್ಲಿ ಒಂದು ನಿಜವಾದ ಚರಿತ್ರೆ ಮುಚ್ಚಿಹೋಗೈತಿ. ಅದಕ್ಕೆ ಕಾಗದದ ಸಾಕ್ಷಿ ಐತಿ, ತಾರೀಖು ಐತಿ, ಅದರಲ್ಲಿ ನಮ್ಮ ಕರ್ನಾಟಕದ ಮಣ್ಣೂ ಐತಿ. ಆ ಚರಿತ್ರೆಯ ನಟ್ಟನಡುವೆ ಋಷಿನೂ ಇಲ್ಲ, ಪಂಡಿತನೂ ಇಲ್ಲ. ಇಟ್ಟಿಗೆ ಸುಡೋ ಜಾತಿಯ ಒಬ್ಬ ಮನುಷ್ಯ ಅದಾನ. ಹಾಗಾಗಿ ಆ ಕಥೆಯನ್ನ ಯಾರೂ ಫಾರ್ವರ್ಡ್ ಮಾಡೋದಿಲ್ಲ.

ಇವತ್ತು ವಿಜ್ಞಾನಿಗಳು ಲ್ಯಾಬಿನಲ್ಲಿ ಜೀವಂತ ಚರ್ಮ ಬೆಳೆಸ್ತಾರೆ, ಕಣ್ಣಿನ ಪೊರೆ ಬೆಳೆಸ್ತಾರೆ, ಮುಂದೊಂದು ದಿನ ಲಿವರ್, ಕಿಡ್ನಿನೂ ಬೆಳೆಸ್ತೀವಿ ಅಂತಾರೆ. ಇದಕ್ಕೆ ಟಿಶ್ಯೂ ಎಂಜಿನಿಯರಿಂಗ್ ಅಂತ ಹೆಸರು. ಕನ್ನಡದಲ್ಲಿ ಅಂಗಾಂಶ ಎಂಜಿನಿಯರಿಂಗ್ ಅನ್ನಬಹುದು. ಕೆಟ್ಟುಹೋದ ಅಂಗವನ್ನ ಜೀವಂತ ಮಾಂಸದಿಂದಲೇ ರಿಪೇರಿ ಮಾಡೋ ವಿದ್ಯೆ ಇದು. ಇದರ ಹಳೇ ಬೇರು ಹುಡುಕಿಕೊಂಡು ಹೋದ್ರೆ ನಾವು ಮೊದಲು ಬಿಜಾಪುರಕ್ಕೆ, ಆಮೇಲೆ ಶ್ರೀರಂಗಪಟ್ಟಣಕ್ಕೆ ಹೋಗಬೇಕಾಗ್ತದೆ.

*ಮೂಗು ಕೊಯ್ಯೋ ಯುದ್ಧ*

17ನೇ ಶತಮಾನದ ಕೊನೆ ಭಾಗ. ಆಗ ನಮ್ಮ ರಾಯಚೂರು ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು. ಬಿಜಾಪುರಕ್ಕೂ ಮೈಸೂರಿಗೂ ಯುದ್ಧ ನಡೀತಿತ್ತು. ಆ ಕಾಲದಲ್ಲಿ ಇಂಡಿಯಾದಲ್ಲಿದ್ದ ವೆನಿಸ್‌ನ ನಿಕೊಲಾವ್ ಮನೂಚಿ ಎಂಬಾತ ತನ್ನ ಗ್ರಂಥದಲ್ಲಿ ಇದನ್ನ ಬರೆದಿಟ್ಟಿದ್ದಾನೆ. ಮೈಸೂರಿನ ಸೈನಿಕರು ಸಿಕ್ಕ ಶತ್ರುಗಳನ್ನ ಕೊಲ್ಲದೆ ಮೂಗು ಕೊಯ್ದು ಬಿಡ್ತಿದ್ರಂತೆ. ಹಾಗೆ ಮೂಗು ಕಳಕೊಂಡವರಿಗೆ ಆ ಸೀಮೆಯ ಶಸ್ತ್ರವೈದ್ಯರು ಹಣೆಯ ಚರ್ಮ ಬಿಡಿಸಿ, ತಿರುಗಿಸಿ ಕೆಳಕ್ಕೆ ತಂದು, ಹಸಿ ಗಾಯಕ್ಕೆ ಹಸಿ ಗಾಯ ಕೂಡೋ ಹಾಗೆ ಜೋಡಿಸಿ ಹೊಸ ಮೂಗು ಮಾಡ್ತಿದ್ರು. ಅಂಥ ಮೂಗಿನ ಮಂದಿಯನ್ನ ತಾನು ಕಣ್ಣಾರೆ ಕಂಡಿದ್ದೇನೆ, ಅವರ ಹುಬ್ಬುಗಳ ನಡುವೆ ಕೊಯ್ದ ಗುರುತು ಇರ್ತಿತ್ತು ಅಂತಲೂ ಅವನು ಹೇಳ್ತಾನೆ.

ಯೋಚನೆ ಮಾಡ್ರಿ. ಯುರೋಪಿನ ಆಸ್ಪತ್ರೆಗಳಿಗೆ ಹಣೆ ಚರ್ಮದ ಮೂಗು ಗೊತ್ತಾಗೋಕೆ ಇನ್ನೂ ನೂರು ವರ್ಷಕ್ಕೂ ಮೇಲೆ ಬೇಕಿತ್ತು. ಆಗಲೇ ನಮ್ಮ ನೆಲದಲ್ಲಿ ಇದು ಸೈನಿಕರಿಗೆ ಸಿಗ್ತಿದ್ದ ಚಿಕಿತ್ಸೆಯಾಗಿತ್ತು.

ಮೂಗು ಅಂದ್ರೆ ಬರೀ ಉಸಿರಾಡೋ ಅಂಗ ಅಲ್ಲ ಅನ್ನೋದು ನಮಗೆಲ್ಲ ಗೊತ್ತು. ಮಾನ ಹೋಯ್ತು ಅನ್ನೋಕೆ ಇವತ್ತಿಗೂ ಮೂಗು ಹೋಯ್ತು ಅಂತೀವಿ. ಶೂರ್ಪನಖಿಯ ಮೂಗು ಕೊಯ್ದ ಕಥೆಯನ್ನ ಮಕ್ಕಳಿಗೆ ನಗ್ತಾ ಹೇಳಿಕೊಡ್ತೀವಿ. ಹೆಂಗಸಿಗೆ, ಆಳಿಗೆ, ಸೋತ ಸಿಪಾಯಿಗೆ ಕೊಡೋ ಶಿಕ್ಷೆ ಅದು. ಸಾಯಿಸೋದಿಲ್ಲ, ಬದುಕಿರೋತನಕ ಮುಖ ಎತ್ತದ ಹಾಗೆ ಮಾಡ್ತಾರೆ. ಇಂಥ ಶಿಕ್ಷೆ ಹೆಚ್ಚಿದ್ದ ನಾಡಿನಲ್ಲೇ ಮೂಗು ಕಟ್ಟೋ ವಿದ್ಯೆನೂ ಬೆಳೀತು. ಇದರಲ್ಲಿ ಹೆಮ್ಮೆಪಡೋದೂ ಐತಿ, ತಲೆ ತಗ್ಗಿಸೋದೂ ಐತಿ.

*ಕವಾಸ್ಜಿ ಎಂಬ ಎತ್ತು ಹೊಡೆಯೋನು*

ಈಗ 1792ಕ್ಕೆ ಬರೋಣ. ಮೂರನೇ ಮೈಸೂರು ಯುದ್ಧ. ಇಂಗ್ಲಿಷ್ ಸೈನ್ಯದ ಸಾಮಾನು ಹೊರೋ ಎತ್ತುಗಳನ್ನ ಹೊಡೆಯೋಕೆ ಕವಾಸ್ಜಿ ಅಂತ ಒಬ್ಬನಿದ್ದ. ಮರಾಠಾ ಒಕ್ಕಲು ಕುಲದವನು ಅಂತ ದಾಖಲೆ ಹೇಳ್ತದೆ. ಅವನು ಟಿಪ್ಪು ಸೈನ್ಯಕ್ಕೆ ಸೆರೆ ಸಿಕ್ಕ. ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಬಿಟ್ಟರು. ಅದೇ ಸ್ಥಿತಿಯಲ್ಲಿ ಅವನು ಶ್ರೀರಂಗಪಟ್ಟಣದ ಹತ್ತಿರ ಬೀಡುಬಿಟ್ಟಿದ್ದ ಬಾಂಬೆ ಸೈನ್ಯವನ್ನ ಬಂದು ಸೇರಿದ.

ಇಲ್ಲಿ ಒಂದು ಮಾತು. ಈ ಸಾಲು ಓದಿದ ಕೂಡಲೇ ಕೆಲವರು ನೋಡಿ ನೋಡಿ ಟಿಪ್ಪು ಅಂತ ಕುಣೀತಾರೆ. ಅವರಿಗೆ ಮೇಲಿನ ಮನೂಚಿ ಕಥೆಯನ್ನ ಇನ್ನೊಮ್ಮೆ ಓದೋಕೆ ಹೇಳ್ರಿ. ಅದು ಒಡೆಯರ ಕಾಲದ ಮೈಸೂರು. ಮೂಗು ಕೊಯ್ಯೋದು ಒಂದು ಧರ್ಮದ ಕೆಲಸ ಆಗಿರಲಿಲ್ಲ, ರಾಜರ ಕೆಲಸ ಆಗಿತ್ತು. ಕೊಯ್ಯಿಸಿಕೊಂಡೋರು ಮಾತ್ರ ಯಾವಾಗಲೂ ಎತ್ತು ಹೊಡೆಯೋರು, ಕಾಲಾಳುಗಳು.

ಕವಾಸ್ಜಿ ಸುಮಾರು ಒಂದು ವರ್ಷ ಮೂಗಿಲ್ಲದೆ ಬದುಕಿದ. ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡೋ ಜಾತಿಯ ಒಬ್ಬ ಅವನಿಗೆ ಹೊಸ ಮೂಗು ಜೋಡಿಸಿದ. ಈ ಶಸ್ತ್ರಕ್ರಿಯೆಯನ್ನ ಬಾಂಬೆ ಪ್ರೆಸಿಡೆನ್ಸಿಯ ಇಬ್ಬರು ಇಂಗ್ಲಿಷ್ ವೈದ್ಯರು ನೋಡಿದ್ರು. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜಿನ್' ಎಂಬ ಪತ್ರಿಕೆಯಲ್ಲಿ ಕವಾಸ್ಜಿಯ ಚಿತ್ರದ ಸಮೇತ ಇಡೀ ವಿವರ ಅಚ್ಚಾಯ್ತು. ಅದರಲ್ಲಿ ಬರೆದಿದ್ದನ್ನ ನನ್ನ ಮಾತಿನಲ್ಲಿ ಹೇಳ್ತೀನಿ.

ಮೊದಲು ಮೇಣವನ್ನ ತೆಳ್ಳಗೆ ತಟ್ಟಿ, ಮೂಗು ಇರಬೇಕಾದ ಜಾಗದಲ್ಲಿಟ್ಟು ಒಂದು ಮೂಗಿನ ಆಕಾರ ಮಾಡೋದು. ಅದೇ ಮೇಣವನ್ನ ಬಿಡಿಸಿ ಚಪ್ಪಟೆ ಮಾಡಿ ಹಣೆ ಮೇಲಿಟ್ಟು ಸುತ್ತ ಗೆರೆ ಎಳೆಯೋದು. ಆ ಗೆರೆಯ ಉದ್ದಕ್ಕೂ ಹಣೆ ಚರ್ಮ ಕೊಯ್ದು ಬಿಡಿಸೋದು. ಪೂರಾ ಬಿಡಿಸೋ ಹಾಗಿಲ್ಲ. ಎರಡು ಕಣ್ಣಿನ ನಡುವೆ ಸಣ್ಣ ಪಟ್ಟಿಯೊಂದನ್ನ ಹಾಗೇ ಅಂಟಿಸಿ ಬಿಡಬೇಕು. ಆಮೇಲೆ ಹಳೇ ಮೂಗಿನ ಮೋಟು ಗಾಯವನ್ನ ಕೆರೆದು ಹಸಿ ಮಾಡಿ, ಹಣೆ ಚರ್ಮವನ್ನ ಅರ್ಧ ಸುತ್ತು ತಿರುಗಿಸಿ ಕೆಳಕ್ಕೆ ತಂದು ಅದರ ಅಂಚನ್ನ ಅಲ್ಲಿ ಕೂರಿಸೋದು. ಕಾಚನ್ನ ನೀರಿನಲ್ಲಿ ನೆನೆಸಿ (ಎಲೆ ಅಡಿಕೆಗೆ ಹಾಕ್ಕೊಳ್ತೀವಲ್ಲ, ಅದೇ ಕಾಚು) ಬಟ್ಟೆ ಪಟ್ಟಿಗೆ ಬಳಿದು ಐದಾರು ಪದರ ಮೇಲೆ ಅಂಟಿಸೋದು. ನಾಲ್ಕು ದಿನ ಅಷ್ಟೇ ಔಷಧ. ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಐದಾರು ದಿನ ಅಂಗಾತ ಮಲಗಿಸೋದು. ಹತ್ತನೇ ದಿನ ಮೂಗಿನ ಹೊಳ್ಳೆ ಮುಚ್ಚಿಹೋಗದಂಗೆ ಮೆತ್ತನೆ ಬಟ್ಟೆ ತುರುಕೋದು. ಸುಮಾರು 25ನೇ ದಿನಕ್ಕೆ ಕಣ್ಣಿನ ನಡುವಿನ ಆ ಪಟ್ಟಿಯನ್ನ ಕತ್ತರಿಸೋದು. ಅಷ್ಟೊತ್ತಿಗೆ ಮೂಗು ತನ್ನ ಕಾಲ ಮೇಲೆ ತಾನು ನಿಂತಿರ್ತದೆ.

*ಆ ಸಣ್ಣ ಪಟ್ಟಿಯ ಗುಟ್ಟು*

ಇಡೀ ವಿದ್ಯೆ ಇರೋದು ಕಣ್ಣುಗಳ ನಡುವೆ ಬಿಟ್ಟ ಆ ಪಟ್ಟಿಯಲ್ಲಿ. ಚರ್ಮವನ್ನ ಪೂರಾ ಕಿತ್ತು ತಂದು ಅಂಟಿಸಿದ್ರೆ ಅಷ್ಟು ದಪ್ಪ ಚರ್ಮ ರಕ್ತ ಸಿಗದೆ ಕೊಳೆತುಹೋಗ್ತದೆ. ಪಟ್ಟಿಯ ಮೂಲಕ ಹಣೆಯ ರಕ್ತ ಹರೀತಾ ಇರ್ತದೆ. ಮೂರು ವಾರದಲ್ಲಿ ಮೂಗಿನ ಕಡೆಯಿಂದ ಹೊಸ ರಕ್ತನಾಳಗಳು ಬಂದು ಕೂಡಿಕೊಳ್ತವೆ. ಆಮೇಲೆ ಪಟ್ಟಿ ಕೊಯ್ದರೂ ಮೂಗು ಸಾಯೋದಿಲ್ಲ. ಆ ಇಟ್ಟಿಗೆಗಾರ ರಕ್ತನಾಳದ ಪುಸ್ತಕ ಓದಿರಲಿಲ್ಲ. ಆದ್ರೆ ಎಷ್ಟು ಬಿಡಬೇಕು, ಯಾವಾಗ ಕೊಯ್ಯಬೇಕು ಅನ್ನೋದು ಅವನ ಕೈಗೆ ಗೊತ್ತಿತ್ತು.

ಇವತ್ತು ಲ್ಯಾಬಿನಲ್ಲಿ ಅಂಗ ಬೆಳೆಸೋ ವಿಜ್ಞಾನಿಗಳನ್ನ ನಿಮ್ಮ ದೊಡ್ಡ ಸಮಸ್ಯೆ ಏನು ಅಂತ ಕೇಳಿದ್ರೆ ಇದನ್ನೇ ಹೇಳ್ತಾರೆ: ರಕ್ತ. ದೇಹದ ಒಳಗಿನ ಹೆಚ್ಚಿನ ಜೀವಕೋಶಗಳಿಗೆ ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ದೂರದೊಳಗೆ ರಕ್ತನಾಳ ಇರಬೇಕು. ಇಲ್ಲದಿದ್ರೆ ಉಸಿರುಕಟ್ಟಿ ಸಾಯ್ತವೆ. ಹಾಗಾಗಿ ತೆಳ್ಳಗಿರೋ ಚರ್ಮ, ಕಣ್ಣಿನ ಪೊರೆ ಬೆಳೆಸೋಕೆ ಬಂತು. 2006ರಲ್ಲಿ ಅಮೆರಿಕದ ಆಂಟನಿ ಅಟಾಲಾ ತಂಡ ರೋಗಿಗಳ ಸ್ವಂತ ಜೀವಕೋಶದಿಂದಲೇ ಬೆಳೆಸಿದ ಮೂತ್ರಕೋಶದ ವರದಿ ಕೊಟ್ಟಿತು. ಅದೂ ಒಂದು ತೆಳ್ಳನೆ ಚೀಲ. ಲಿವರ್, ಕಿಡ್ನಿಯಂಥ ದಪ್ಪ ಅಂಗ ಪೂರಾ ಕಟ್ಟೋಕೆ ಇನ್ನೂ ಆಗಿಲ್ಲ. ನಮ್ಮ ಬೆಂಗಳೂರಿನ ಪಾಂಡೋರಂ ಕಂಪನಿ 2015ರಲ್ಲಿ ತ್ರೀಡಿ ಪ್ರಿಂಟರ್‌ನಿಂದ ಲಿವರ್ ಅಂಗಾಂಶ ಮಾಡಿ ಸುದ್ದಿಯಾಯ್ತು. ಅದು ಔಷಧ ಪರೀಕ್ಷೆಗೆ ಬಳಸೋ ಸಣ್ಣ ತುಣುಕು, ಹೊಟ್ಟೆಯಲ್ಲಿಡೋ ಲಿವರ್ ಅಲ್ಲ.

1794ರ ಆ ಇಟ್ಟಿಗೆಗಾರ ಮತ್ತು ಇವತ್ತಿನ ಪಿಎಚ್.ಡಿ. ವಿಜ್ಞಾನಿ ಇಬ್ಬರೂ ನಿಂತಿರೋದು ಒಂದೇ ಪ್ರಶ್ನೆಯ ಮುಂದೆ.

*ಸುಶ್ರುತನ ಹೆಸರು, ಕುಂಬಾರನ ಕೈ*

ಹಾಗಾದ್ರೆ ಸುಶ್ರುತ ಸಂಹಿತೆಯಲ್ಲಿ ಮೂಗು ಜೋಡಿಸೋದು ಇಲ್ವಾ ಅಂತ ಕೇಳ್ತೀರಿ. ಐತಿ. ಅದೊಂದು ದೊಡ್ಡ ಗ್ರಂಥ, ಅದನ್ನ ಹೀಯಾಳಿಸೋ ಅಗತ್ಯ ನನಗಿಲ್ಲ. ಆದ್ರೆ ಅಲ್ಲಿರೋದು ಎಲೆಯಿಂದ ಅಳತೆ ತೆಗೆದು ಕೆನ್ನೆಯ ಚರ್ಮ ಬಳಸೋ ಕ್ರಮ. ಮನೂಚಿ ಕಂಡಿದ್ದು, ಕವಾಸ್ಜಿಗೆ ಆಗಿದ್ದು ಹಣೆಯ ಚರ್ಮದ ಕ್ರಮ. ಮುಂದೆ ಜಗತ್ತಿಗೆಲ್ಲ ಹಬ್ಬಿದ್ದೂ, ಇಂದಿಗೂ ಸರ್ಜನ್ನರು ಇಂಡಿಯನ್ ವಿಧಾನ ಅಂತ ಕರೆಯೋದೂ ಇದನ್ನೇ. ಪುಸ್ತಕದ ಕೆನ್ನೆಯಿಂದ ಹಣೆಗೆ ಬರೋ ನಡುವೆ ಕಲಿತು, ತಿದ್ದಿ, ಸುಧಾರಿಸಿದ ಕೈಗಳು ಯಾವುವು? ಅವರ ಹೆಸರು ಯಾವ ಶ್ಲೋಕದಲ್ಲೂ ಇಲ್ಲ.

ಅದೇ ಸಂಹಿತೆಯಲ್ಲಿ ಯಾರಿಗೆ ವೈದ್ಯ ಕಲಿಸಬೇಕು ಅನ್ನೋ ಮಾತೂ ಬರ್ತದೆ. ಮೇಲಿನ ಮೂರು ವರ್ಣದವರಿಗೆ ದೀಕ್ಷೆ ಕೊಟ್ಟು ಕಲಿಸಬೇಕು. ಒಳ್ಳೆ ಕುಲ, ಒಳ್ಳೆ ಗುಣದ ಶೂದ್ರನಿಗೆ ದೀಕ್ಷೆ ಇಲ್ಲದೆ, ಮಂತ್ರ ಬಿಟ್ಟು ಕಲಿಸಬಹುದು ಅನ್ನೋದು ಕೆಲವರ ಅಭಿಪ್ರಾಯ ಅಂತ ಸೇರಿಸ್ತದೆ. ಅದರಿಂದ ಆಚೆಗಿದ್ದ ನಮ್ಮವರ ಪ್ರಸ್ತಾಪವೇ ಆ ಪಟ್ಟಿಯಲ್ಲಿಲ್ಲ.

ಇನ್ನು ಮನುಸ್ಮೃತಿ. ವೈದ್ಯನ ಅನ್ನ ಕೀವಿಗೆ ಸಮ, ಅವನನ್ನ ಶ್ರಾದ್ಧಕ್ಕೆ ಕರೆಯಬಾರದು ಅನ್ನೋ ಅರ್ಥದ ನಿಯಮಗಳು ಅದರಲ್ಲಿವೆ. ಯಾಕಂದ್ರೆ ವೈದ್ಯ ರಕ್ತ ಮುಟ್ತಾನೆ, ಗಾಯ ಮುಟ್ತಾನೆ, ಯಾವ ಜಾತಿಯವನ ಮೈಯನ್ನೂ ಮುಟ್ಟಬೇಕಾಗ್ತದೆ. ಪ್ರಾಚೀನ ಭಾರತದ ವಿಜ್ಞಾನದ ಚರಿತ್ರೆ ಬರೆದ ದೇಬಿಪ್ರಸಾದ್ ಚಟ್ಟೋಪಾಧ್ಯಾಯರು ಇದನ್ನ ವಿವರವಾಗಿ ಚರ್ಚಿಸಿದ್ದಾರೆ. ಮುಟ್ಟೋ ಕೆಲಸವನ್ನ ಮೈಲಿಗೆ ಮಾಡಿದ ಸಮಾಜದಲ್ಲಿ ಶಸ್ತ್ರಕ್ರಿಯೆ ಪಂಡಿತರ ಮನೆಯಲ್ಲಿ ಉಳಿಯೋದು ಹೇಗೆ? ಅದು ಕುಂಬಾರರ, ಕ್ಷೌರಿಕರ, ಸೂಲಗಿತ್ತಿಯರ ಕೈಗೆ ಬಂತು. ಗ್ರಂಥ ಮೇಲೆ ಉಳೀತು, ಕಸುಬು ಕೆಳಕ್ಕೆ ಇಳೀತು. ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ತೋರಿಸಿಕೊಟ್ಟಿದ್ದು ಇದನ್ನೇ. ಜಾತಿ ಕೆಲಸವನ್ನ ಹಂಚೋದರ ಜೊತೆಗೆ ಕೆಲಸ ಮಾಡೋ ಮನುಷ್ಯರನ್ನೇ ಒಬ್ಬರ ಮೇಲೊಬ್ಬರಂತೆ ಜೋಡಿಸಿಟ್ಟು ದೂರ ಮಾಡ್ತು. ತಲೆಗೂ ಕೈಗೂ ಮಾತು ನಿಂತುಹೋಯ್ತು.

ಪರಿಣಾಮ ನೋಡ್ರಿ. 1836ರಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಮಧುಸೂದನ ಗುಪ್ತ ಎಂಬ ಪಂಡಿತರು ಜಾತಿ ಕಟ್ಟು ಮೀರಿ ಹೆಣ ಕೊಯ್ದರು. ಅದೊಂದು ದೊಡ್ಡ ಕ್ರಾಂತಿ ಅಂತ ಇವತ್ತಿಗೂ ಹೊಗಳ್ತಾರೆ. ಹೊಗಳಲಿ, ಅದು ಧೈರ್ಯದ ಕೆಲಸವೇ. ಆದ್ರೆ ಬಂಗಾಳದ ಆಸ್ಪತ್ರೆಗಳಲ್ಲಿ ಹೆಣ ಹೊತ್ತು, ತೊಳೆದು, ಕಾಯ್ದ ಡೋಮ್ ಜಾತಿಯವರ ಹೆಸರು ಯಾರಿಗಾದ್ರೂ ಗೊತ್ತಾ?

ನಾನು ಒಂದು ಮಾತು ಸ್ಪಷ್ಟ ಮಾಡ್ತೀನಿ. ಆ ಇಟ್ಟಿಗೆಗಾರ ದಲಿತ ಅಂತ ನಾನು ಹೇಳ್ತಿಲ್ಲ. ಪತ್ರಿಕೆ ಹೇಳೋದು ಇಟ್ಟಿಗೆ ಮಾಡೋ ಜಾತಿ ಅಂತ ಮಾತ್ರ. ಕುಂಬಾರ ಇರಬೇಕು ಅನ್ನೋದು ಹಲವರ ಓದು. ಅವರು ಸುಳ್ಳು ಪೂರ್ವಜರನ್ನ ಕಟ್ಟಿಕೊಂಡಂತೆ ನಾವೂ ಕಟ್ಟಿಕೊಳ್ಳೋದು ಬೇಡ. ಅವನು ಕೆಳಗಿನ ಶ್ರಮಜೀವಿ ಅನ್ನೋದು ಸಾಕು. ಇವತ್ತು ದೇವದುರ್ಗ, ಮಾನ್ವಿ ಕಡೆಯಿಂದ ಬೆಂಗಳೂರು, ಹೈದರಾಬಾದಿಗೆ ಗುಳೆ ಹೋಗಿ ಇಟ್ಟಿಗೆ ಹೊರೋ ನಮ್ಮ ಮಂದಿಗೂ ಅವನಿಗೂ ಇರೋ ನೆಂಟಸ್ತನ ಜಾತಿದಲ್ಲ, ಮಣ್ಣಿಂದು.

ನಾನು ಆಫೀಸಿನಲ್ಲಿ ಗುಮಾಸ್ತ. ಹೆಸರಿನ ಕಾಲಂ ಖಾಲಿ ಇದ್ದ ಅರ್ಜಿ ನಮ್ಮ ಟೇಬಲ್ಲಿಂದ ಮುಂದೆ ಹೋಗೋದಿಲ್ಲ. 1794ರ ಆ ವರದಿ ನೋಡ್ರಿ. ರೋಗಿಯ ಹೆಸರು ಐತಿ. ನೋಡಿದ ಇಬ್ಬರು ವೈದ್ಯರ ಹೆಸರು ಐತಿ. ಕೊಯ್ದು ಜೋಡಿಸಿದವನ ಹೆಸರು ಮಾತ್ರ ಇಲ್ಲ. ಆದ್ರೂ ಆ ಕಾಗದ ಜಗತ್ತೆಲ್ಲ ಸುತ್ತಿತು.

*ಲಂಡನ್ನಿಗೆ ಹೋದ ವಿದ್ಯೆ*

ಆ ಪತ್ರಿಕೆ ವಿವರ ಲಂಡನ್ನಿನ ಸರ್ಜನ್ ಜೋಸೆಫ್ ಕಾರ್ಪ್ಯೂ ಕಣ್ಣಿಗೆ ಬಿತ್ತು. 1814ರಲ್ಲಿ ಅವನು ಇದೇ ರೀತಿ ಒಬ್ಬ ಸೈನ್ಯಾಧಿಕಾರಿಗೆ ಮೂಗು ಮಾಡಿದ. 1816ರಲ್ಲಿ ಪುಸ್ತಕ ಬರೆದ. 1818ರಲ್ಲಿ ಬರ್ಲಿನ್ನಿನ ಗ್ರೇಫೆ ಇನ್ನೊಂದು ಪುಸ್ತಕ ಬರೆದ. 1823ರಲ್ಲಿ ಜರ್ಮನಿಯ ಬ್ಯೂಂಗರ್ ಒಬ್ಬ ಹೆಂಗಸಿನ ತೊಡೆಯ ಚರ್ಮ ತೆಗೆದು ಮೂಗಿಗೆ ಹಚ್ಚಿದ. ಅಲ್ಲಿಂದ ಚರ್ಮ ಕಸಿ ವಿಜ್ಞಾನ ಓಡೋಕೆ ಶುರುವಾಯ್ತು.

ತೊಡೆಯ ಚರ್ಮ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗೋದು ಯಾರು? ಹರಳಯ್ಯ, ಕಲ್ಯಾಣಮ್ಮ. ಬಸವಣ್ಣನವರಿಗೆ ಗಂಡ ಹೆಂಡತಿ ತಮ್ಮ ತೊಡೆ ಚರ್ಮದಿಂದಲೇ ಚಮ್ಮಾವುಗೆ ಮಾಡಿದ್ರು ಅನ್ನೋ ಕಥೆ. ಅದು ಭಕ್ತಿಯ ಕಥೆ. ಆದ್ರೆ ಚರ್ಮದ ಬೆಲೆ ಗೊತ್ತಿದ್ದ ಸಮಗಾರರ ಕೇರಿಯಿಂದ ಮಾತ್ರ ಹುಟ್ಟೋಕೆ ಸಾಧ್ಯ ಇರೋ ಕಥೆ. ಇವತ್ತು ಸುಟ್ಟ ಗಾಯಕ್ಕೆ ಸರ್ಜನ್ನರು ತೆಳ್ಳನೆ ಚರ್ಮ ತೆಗೆಯೋದು ಹೆಚ್ಚಾಗಿ ತೊಡೆಯಿಂದಲೇ.

*ಹೆನ್ರಿಯೆಟ್ಟಾ ಎಂಬ ನಮ್ಮಕ್ಕ*

ಮುಂದಿನ ದೊಡ್ಡ ಹೆಜ್ಜೆ, ಮನುಷ್ಯನ ಜೀವಕೋಶಗಳನ್ನ ದೇಹದ ಹೊರಗೆ ಬೆಳೆಸೋದು. ಇಲ್ಲೂ ಅದೇ ಕಥೆ, ದೇಶ ಬೇರೆ.

1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಹೆಣ್ಣುಮಗಳು ಬಂದಳು. ತಂಬಾಕು ಹೊಲದಲ್ಲಿ ದುಡಿದ ಮನೆತನ, ಐದು ಮಕ್ಕಳ ತಾಯಿ, ಗರ್ಭಕೊರಳಿನ ಕ್ಯಾನ್ಸರ್. ಅವಳನ್ನ ಒಂದು ಮಾತೂ ಕೇಳದೆ ಗಡ್ಡೆಯ ತುಣುಕು ತೆಗೆದು ಲ್ಯಾಬಿಗೆ ಕೊಟ್ಟರು. ಅದೇ ವರ್ಷ ಅಕ್ಟೋಬರ್ 4ರಂದು 31ನೇ ವಯಸ್ಸಿಗೆ ಅವಳು ತೀರಿಕೊಂಡಳು. ಅವಳ ಜೀವಕೋಶಗಳು ಸಾಯಲಿಲ್ಲ. ಲ್ಯಾಬಿನಲ್ಲಿ ಕೊನೆಯಿಲ್ಲದೆ ಬೆಳೆದ ಮೊದಲ ಮನುಷ್ಯ ಜೀವಕೋಶಗಳು ಅವು. ಹೀಲಾ ಅಂತ ಕರೀತಾರೆ. ಪೋಲಿಯೋ ಲಸಿಕೆ ಪರೀಕ್ಷೆಯಿಂದ ಹಿಡಿದು ಜೀವಕೋಶ ಬೆಳೆಸೋ ಇವತ್ತಿನ ವಿಜ್ಞಾನ ಬಹಳಷ್ಟು ಕಲಿತಿದ್ದು ಅವುಗಳಿಂದ. ಕಂಪನಿಗಳು ಮಾರಿ ದುಡ್ಡು ಮಾಡಿದವು. ಅವಳ ಮಕ್ಕಳಿಗೆ ವಿಷಯ ಗೊತ್ತಾಗಿದ್ದೇ 1970ರ ದಶಕದಲ್ಲಿ. ಒಂದು ದೊಡ್ಡ ಕಂಪನಿಯ ಮೇಲೆ ಕುಟುಂಬ ಹೂಡಿದ ಕೇಸು 2023ರ ಆಗಸ್ಟ್‌ನಲ್ಲಿ ರಾಜಿಯಾಯ್ತು. 72 ವರ್ಷ ಆದಮೇಲೆ.

1972ರಲ್ಲಿ ಮುಂಬೈಯ ನಮ್ಮ ಹುಡುಗರು ಬ್ಲ್ಯಾಕ್ ಪ್ಯಾಂಥರ್ಸ್ ನೋಡಿ ದಲಿತ ಪ್ಯಾಂಥರ್ಸ್ ಕಟ್ಟಿದ್ರು. ಆ ನೆಂಟಸ್ತನ ಬರೀ ಘೋಷಣೆಯದಲ್ಲ ಅಂತ ಹೆನ್ರಿಯೆಟ್ಟಾ ಕಥೆ ಓದಿದ್ರೆ ಗೊತ್ತಾಗ್ತದೆ. ಅಲ್ಲಿ ಅವಳ ಮೈಯಿಂದ ತೆಗೆದುಕೊಂಡ್ರು, ಇಲ್ಲಿ ಇಟ್ಟಿಗೆಗಾರನ ಕೈಯಿಂದ ತೆಗೆದುಕೊಂಡ್ರು.

ಚರ್ಮ ಬೆಳೆಸೋಕೆ ಬಂದಿದ್ದು 1975ರಲ್ಲಿ, ಅಮೆರಿಕದ ರೈನ್‌ವಾಲ್ಡ್ ಮತ್ತು ಹೊವಾರ್ಡ್ ಗ್ರೀನ್ ಅವರಿಂದ. 1983ರಲ್ಲಿ ಮೈಯೆಲ್ಲ ಸುಟ್ಟುಹೋಗಿದ್ದ ಇಬ್ಬರು ಪುಟ್ಟ ಅಣ್ಣ ತಮ್ಮಂದಿರು ಬಾಸ್ಟನ್ನಿನ ಆಸ್ಪತ್ರೆಗೆ ಬಂದ್ರು. ಸುಡದೆ ಉಳಿದಿದ್ದ ಸಣ್ಣ ಚೂರು ಚರ್ಮದಿಂದ ಜೀವಕೋಶ ತೆಗೆದು, ವಾರಗಟ್ಟಲೆ ಬೆಳೆಸಿ, ಹಾಳೆ ಹಾಳೆಯಾಗಿ ಮೈಗೆ ಹಚ್ಚಿದ್ರು. ಇಬ್ಬರೂ ಬದುಕಿದ್ರು. ಟಿಶ್ಯೂ ಎಂಜಿನಿಯರಿಂಗ್ ಅನ್ನೋ ಹೆಸರು ಚಾಲ್ತಿಗೆ ಬಂದಿದ್ದು ಇದೆಲ್ಲ ಆದ ಮೇಲೆ, 1980ರ ದಶಕದ ಕೊನೆಗೆ.

*ಸುಣ್ಣ, ಕಣ್ಣು ಮತ್ತು ಮಾಸು*

ಇದೆಲ್ಲ ಅಮೆರಿಕದ ಮಾತಾಯ್ತು, ನಮಗೇನು ಅನ್ನಬೇಡ್ರಿ. ನಮ್ಮ ಮಂದಿ ದೊಡ್ಡ ಆಸ್ಪತ್ರೆ ಅಂದ್ರೆ ರೈಲು ಹತ್ತೋ ಹೈದರಾಬಾದಿನಲ್ಲೇ ಈ ವಿದ್ಯೆ 20 ವರ್ಷಕ್ಕೂ ಮೇಲಿಂದ ಬಡವರಿಗೆ ಸಿಗ್ತಾ ಐತಿ.

ತಂಬಾಕಿಗೆ ಹಾಕ್ಕೊಳ್ಳೋ ಸುಣ್ಣದ ಪಾಕೀಟು ನಮ್ಮ ಪ್ರತಿ ಮನೆಯಲ್ಲಿ ಇರ್ತದೆ. ಮಕ್ಕಳು ಅದನ್ನ ಹಿಚುಕಿ ಆಡ್ತಾವೆ, ಒಡೆದು ಕಣ್ಣಿಗೆ ಸಿಡೀತದೆ. ಸುಣ್ಣ ಕಣ್ಣನ್ನ ಒಳಗೊಳಗೇ ಸುಡ್ತದೆ, ಹಲವು ಸಲ ಆ್ಯಸಿಡ್ಡಿಗಿಂತ ಕೆಟ್ಟದಾಗಿ. ಕರಿಗುಡ್ಡೆ ಮತ್ತು ಬಿಳಿಗುಡ್ಡೆ ಸೇರೋ ಅಂಚಿನಲ್ಲಿ ಕಣ್ಣಿನ ಮೇಲ್ಪೊರೆಯನ್ನ ದಿನಾ ಹೊಸದು ಮಾಡೋ ಕಾಂಡಕೋಶಗಳು ಇರ್ತವೆ. ಅವು ಸತ್ತರೆ ಕಣ್ಣಿನ ಮೇಲೆ ಬಿಳಿ ಪರದೆ ಬೆಳೀತದೆ. ಬರೀ ಕಾರ್ನಿಯಾ ಬದಲಿಸಿದ್ರೆ ಪ್ರಯೋಜನ ಇಲ್ಲ.

ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯವರು 2001ರಿಂದ ಒಂದು ಕೆಲಸ ಮಾಡ್ತಾ ಬಂದ್ರು. ಚೆನ್ನಾಗಿರೋ ಇನ್ನೊಂದು ಕಣ್ಣಿನ ಅಂಚಿನಿಂದ ಎಳ್ಳುಕಾಳಿನಷ್ಟು ತುಣುಕು ತೆಗೆದು, ಲ್ಯಾಬಿನಲ್ಲಿ ಎರಡು ವಾರದ ಹತ್ತಿರ ಬೆಳೆಸಿ, ಸುಟ್ಟ ಕಣ್ಣಿಗೆ ಹಚ್ಚೋದು. 2012ರಲ್ಲಿ ಡಾ. ವೀರೇಂದ್ರ ಸಂಗ್ವಾನ್ ಮತ್ತು ಸಂಗಡಿಗರು ಇನ್ನೂ ಸರಳ ದಾರಿ ಪ್ರಕಟಿಸಿದ್ರು. ಲ್ಯಾಬೇ ಬೇಡ, ತುಣುಕನ್ನ ಸಣ್ಣಗೆ ಹೆಚ್ಚಿ ಕಣ್ಣಿನ ಮೇಲೇ ಅಂಟಿಸಿ ಅಲ್ಲೇ ಬೆಳೆಯೋಕೆ ಬಿಡೋದು. ಖರ್ಚು ಬಹಳ ಕಮ್ಮಿ.

ಈಗ ಮುಖ್ಯ ಮಾತಿಗೆ ಬರ್ತೀನಿ. ಆ ಜೀವಕೋಶ ಬೆಳೆಯೋಕೆ ಒಂದು ಹಾಸು ಬೇಕು. ಆ ಹಾಸು ಯಾವುದು? ಹೆರಿಗೆಯಾದ ಮೇಲೆ ಬೀಳೋ ಮಾಸಿನ ಒಳಪೊರೆ. ತಾಯಂದಿರು ಒಪ್ಪಿ ಕೊಟ್ಟ ಮಾಸನ್ನ ಶುದ್ಧ ಮಾಡಿ, ಪೊರೆ ಬಿಡಿಸಿ, ಕಾಪಿಟ್ಟು ಬಳಸ್ತಾರೆ. ಯಾವ ಮಾಸನ್ನ ಮೈಲಿಗೆ ಅಂತ ಮುಟ್ಟದೆ ಕೆಳಜಾತಿ ಸೂಲಗಿತ್ತಿಯ ಕೈಯಲ್ಲಿ ಹೂಳಿಸ್ತಿದ್ರೋ, ಯಾವುದನ್ನ ಮುಟ್ಟಿದ್ದಕ್ಕೇ ಆ ಸೂಲಗಿತ್ತಿಯನ್ನ ಪಡಸಾಲೆಯೊಳಗೆ ಬಿಟ್ಟುಕೊಳ್ತಿರಲಿಲ್ಲವೋ, ಆ ಮಾಸು ಇವತ್ತು ಕುರುಡಾದ ಕಣ್ಣಿಗೆ ಬೆಳಕು ಕೊಡ್ತಾ ಐತಿ. ಆ ಕಣ್ಣು ಯಾವ ಜಾತಿಯವರದ್ದು ಅಂತ ಪೊರೆ ಕೇಳೋದಿಲ್ಲ.

(ಸುಣ್ಣ ಸಿಡಿದ್ರೆ ಮೊದಲು ಮಾಡಬೇಕಾದ್ದು: ಶುದ್ಧ ನೀರಿನಿಂದ ಕಣ್ಣನ್ನ ಅರ್ಧ ತಾಸು ತೊಳೀತಾ ಇರಬೇಕು. ಎದೆಹಾಲು, ಎಣ್ಣೆ, ಜೇನು ಹಾಕಬೇಡ್ರಿ. ತೊಳೆದ ಕೂಡಲೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗ್ರಿ. ಈ ಒಂದು ಸಾಲನ್ನಾದ್ರೂ ನಿಮ್ಮ ಕೇರಿ ಗ್ರೂಪಿಗೆ ಕಳಿಸ್ರಿ.)

*ಕೊಡೋರು ಯಾರು, ಪಡೆಯೋರು ಯಾರು*

1990ರ ದಶಕದ ಶುರುವಿನಲ್ಲಿ ನಮ್ಮ ಬೆಂಗಳೂರು ಕಿಡ್ನಿ ಮಾರಾಟಕ್ಕೆ ಕುಖ್ಯಾತವಾಗಿತ್ತು. ಸಾಲದಲ್ಲಿ ಮುಳುಗಿದವರು ಕೊಡೋರು, ದುಡ್ಡಿದ್ದವರು ಪಡೆಯೋರು. 1994ರಲ್ಲಿ ಅಂಗಾಂಗ ಕಸಿ ಕಾನೂನು ಬಂತು, ಮಾರಾಟ ಅಪರಾಧ ಆಯ್ತು. 2011ರ ತಿದ್ದುಪಡಿಯಲ್ಲಿ ಚರ್ಮ, ಕಾರ್ನಿಯಾದಂಥ ಅಂಗಾಂಶಗಳೂ ಅದರಲ್ಲಿ ಸೇರಿದವು. ಇವತ್ತಿಗೂ ನಮ್ಮ ದೇಶದಲ್ಲಿ ಬದುಕಿದ್ದಾಗ ಅಂಗ ಕೊಡೋರಲ್ಲಿ ಹೆಚ್ಚಿನವರು ಹೆಂಗಸರು, ಪಡೆಯೋರಲ್ಲಿ ಹೆಚ್ಚಿನವರು ಗಂಡಸರು. ಲ್ಯಾಬಿನಲ್ಲಿ ಅಂಗ ಬೆಳೆಯೋ ದಿನ ಬಂದ್ರೆ ಬಡವನ ಕಿಡ್ನಿಗೆ ಗಿರಾಕಿ ಇರೋದಿಲ್ಲ. ಹಾಗಾಗಿ ಈ ವಿಜ್ಞಾನ ನಮ್ಮದೂ ಹೌದು. ನಾವು ಇದರ ವಿರೋಧಿಗಳಾಗೋ ಅಗತ್ಯ ಇಲ್ಲ. ನಮ್ಮ ಹುಡುಗ ಹುಡುಗಿಯರು ಬಯಾಲಜಿ ಓದಲಿ, ಬೆಂಗಳೂರಿನ ಇನ್‌ಸ್ಟೆಮ್‌ನಂಥ ಸಂಸ್ಥೆಗಳಿಗೆ ಹೋಗಲಿ.

ಜೊತೆಗೆ ಎಚ್ಚರನೂ ಬೇಕು. ಸ್ಟೆಮ್ ಸೆಲ್ ಹಾಕಿ ಮಗುವಿನ ಬುದ್ಧಿಮಾಂದ್ಯ ವಾಸಿ ಮಾಡ್ತೀವಿ, ಪಾರ್ಶ್ವವಾಯು ವಾಸಿ ಮಾಡ್ತೀವಿ ಅಂತ ಲಕ್ಷಗಟ್ಟಲೆ ಕೇಳೋರಿದ್ದಾರೆ. ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ರಕ್ತದ ಕಾಯಿಲೆಗಳಿಗೆ ಮಾಡೋ ಕಾಂಡಕೋಶ ಕಸಿಯೇ ಒಪ್ಪಿತ ಚಿಕಿತ್ಸೆ. ಉಳಿದದ್ದು ಪ್ರಯೋಗ. ಆಮೇಲೆ ಸರ್ಕಾರದ ಅನುಮತಿ ಪಡೆದ ಬೆರಳೆಣಿಕೆಯ ಉತ್ಪನ್ನಗಳು ಬಿಟ್ರೆ ಯಾರಿಗೂ ಹೊಲ ಅಡ ಇಟ್ಟು ದುಡ್ಡು ಕೊಡಬೇಡ್ರಿ. ಪ್ರಯೋಗಕ್ಕೆ ಸೇರಿಸಿಕೊಂಡವರು ರೋಗಿಯಿಂದ ದುಡ್ಡು ಕೇಳೋ ಹಾಗಿಲ್ಲ.

*ನಮ್ಮ ಜಿಲ್ಲೆಯ ಮಾತು*

ಸುಟ್ಟ ಗಾಯ ಯಾರಿಗೆ ಆಗ್ತದೆ? ಒಲೆ ಮುಂದೆ ಕೂತ ಹೆಂಗಸಿಗೆ, ಕರೆಂಟಿನ ಕಂಬ ಹತ್ತೋ ದಿನಗೂಲಿಯವನಿಗೆ, ಮಿಲ್ಲಿನಲ್ಲಿ ದುಡಿಯೋ ಹುಡುಗನಿಗೆ. ಮೈಯ ಬಹಳ ಭಾಗ ಸುಟ್ಟವರಿಗೆ ಸತ್ತವರು ದಾನ ಮಾಡಿದ ಚರ್ಮ ಹೊದಿಸಿದ್ರೆ ಎರಡು ಮೂರು ವಾರ ಅದು ಮೈ ಕಾಯ್ತದೆ. ನೀರು, ಉಪ್ಪು ಸೋರಿಹೋಗೋದಿಲ್ಲ, ನಂಜು ಏರೋದಿಲ್ಲ, ಅಷ್ಟರಲ್ಲಿ ಸ್ವಂತ ಚರ್ಮ ತಯಾರಾಗ್ತದೆ. ಇದಕ್ಕೆ ರಕ್ತದ ಗುಂಪು ಹೊಂದಬೇಕು ಅಂತಿಲ್ಲ. ಗ್ಲಿಸರಿನ್‌ನಲ್ಲಿ ಐದು ವರ್ಷದತನಕ ಇಡಬಹುದು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ 2016ರಲ್ಲಿ ಸ್ಕಿನ್ ಬ್ಯಾಂಕ್ ಶುರುವಾಯ್ತು.

ಆದ್ರೆ ಒಂದು ಷರತ್ತು. ಸತ್ತ ಆರು ತಾಸಿನೊಳಗೆ ಚರ್ಮ ತೆಗೆಯಬೇಕು. ರಾಯಚೂರಿಂದ ಬೆಂಗಳೂರು 400 ಕಿಲೋಮೀಟರ್ ದೂರ, ರೈಲಿಗೆ ಒಂದು ರಾತ್ರಿ. ದೇವದುರ್ಗ, ಮಾನ್ವಿಯವರು ಮೊದಲು ರಾಯಚೂರಿಗೇ ಬರಬೇಕು. ದಾನ ಮಾಡೋ ಮನಸ್ಸಿದ್ರೂ ನಮ್ಮ ಚರ್ಮ ಅಲ್ಲಿಗೆ ಮುಟ್ಟೋದಿಲ್ಲ. ಮೈ ಸುಟ್ಟವನು ಅಷ್ಟು ದೂರ ಹೋಗೋತನಕ ಕಾಯೋಕೆ ಆಗೋದಿಲ್ಲ. 2022ರ ಮೇ ತಿಂಗಳಿಂದ ರಾಯಚೂರಿನಲ್ಲಿ ಏಮ್ಸ್‌ಗಾಗಿ ಧರಣಿ ಕೂತರು, ಸಾವಿರ ದಿನ ದಾಟಿತು. 371(ಜೆ) ಬಂದು ಹತ್ತು ವರ್ಷದ ಮೇಲಾಯ್ತು. ಏಮ್ಸ್ ಹೋರಾಟ ನಡೀಲಿ, ಅದರ ಜೊತೆಗೆ ಈ ಮೂರು ಬೇಡಿಕೆ ಇಡೋಣ:

1. ರಿಮ್ಸ್ ಅಥವಾ ಓಪೆಕ್ ಆಸ್ಪತ್ರೆ ಆವರಣದಲ್ಲಿ ಚರ್ಮ ತೆಗೆಯೋ, ಕಾಪಿಡೋ, ಹಚ್ಚೋ ಪೂರ್ಣ ವ್ಯವಸ್ಥೆಯ ಸರ್ಕಾರಿ ಸ್ಕಿನ್ ಬ್ಯಾಂಕ್ ಮತ್ತು ಸುಟ್ಟ ಗಾಯದ ಘಟಕ.

2. ದೇವದುರ್ಗ, ಮಾನ್ವಿ ತಾಲೂಕು ಆಸ್ಪತ್ರೆಗಳಲ್ಲಿ ಸುಟ್ಟವರಿಗೆ ಮೊದಲ ದಿನದ ಚಿಕಿತ್ಸೆ ಕೊಡೋಕೆ ತರಬೇತಾದ ಸಿಬ್ಬಂದಿ, ಮೀಸಲು ಹಾಸಿಗೆ, ಮುಂದೆ ಸಾಗಿಸೋಕೆ ಆಂಬುಲೆನ್ಸ್.

3. ಶವಾಗಾರದಲ್ಲಿ, ಹೆರಿಗೆ ವಾರ್ಡಿನಲ್ಲಿ ಗುತ್ತಿಗೆ ಮೇಲೆ ದುಡಿಯೋ ನಮ್ಮ ಅಣ್ಣ ಅಕ್ಕಂದಿರಿಗೆ ಇದೇ ಕೆಲಸದ ತಾಂತ್ರಿಕ ತರಬೇತಿ, ಸರ್ಟಿಫಿಕೇಟ್, ಕಾಯಂ ಹುದ್ದೆ. ಮುಟ್ಟೋ ಕೆಲಸ ಅವರದ್ದೇ ಆಗಿದ್ದ ಮೇಲೆ ಹುದ್ದೆನೂ ಹೆಸರೂ ಅವರಿಗೇ ಬರಬೇಕು.

ನಮ್ಮ ಕೇರಿಗಳಲ್ಲಿ ಚರ್ಮ, ಕಣ್ಣು ತೆಗೆದ ಹೆಣಕ್ಕೆ ಮುಕ್ತಿ ಇಲ್ಲ ಅನ್ನೋ ಭಯ ಇನ್ನೂ ಐತಿ. ಚರ್ಮ ತೆಗೆದ್ರೆ ಮುಖ ವಿಕಾರ ಆಗೋದಿಲ್ಲ. ತೊಡೆ, ಕಾಲು, ಬೆನ್ನಿನ ಮೇಲಿನ ತೆಳ್ಳನೆ ಪದರ ಮಾತ್ರ ತೆಗೀತಾರೆ, ಬ್ಯಾಂಡೇಜ್ ಸುತ್ತಿ ಕೊಡ್ತಾರೆ. ಮುಂದಿನ ಡಿಸೆಂಬರ್ 6ರ ಪರಿನಿರ್ವಾಣ ದಿನದೊಳಗೆ ಪ್ರತಿ ಊರಿನ ಅಂಬೇಡ್ಕರ್ ಸಂಘದಲ್ಲಿ ಇದರ ಬಗ್ಗೆ ಒಂದು ಸಭೆ ಆಗಲಿ. ಸಹಿ ಸಂಗ್ರಹದ ಅರ್ಜಿ ನಾನೇ ಟೈಪ್ ಮಾಡಿ ಕೊಡ್ತೀನಿ, ದೇವದುರ್ಗ ಮತ್ತು ಮಾನ್ವಿಯ ಗೆಳೆಯರು ಕಾಮೆಂಟಿನಲ್ಲಿ ನಿಮ್ಮ ಊರ ಹೆಸರು ಹಾಕ್ರಿ.

ಜೈ ಭೀಮ್.